ವಾಲ್ವಿನ ಸಂದು ಅಳೆಯುವ ಚಂದ್ರಿಕಾ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಸರಗೂರಿನ ಆ ಓಣಿಯಲ್ಲಿ ಡೇರಿಗೆ ಹೋಗುವ ಹಾಲಿನ ಕ್ಯಾನುಗಳ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ತಗಡಿನ ಶೆಡ್ಡಿನ ಬಾಗಿಲು ಮಾತ್ರ ಆಗಲೇ ತೆರೆದಿದೆ. ಒಳಗೆ ಕುಕ್ಕರಗಾಲಿನಲ್ಲಿ ಕೂತ ಚಂದ್ರಿಕಾ, ಹತ್ತಿ ಹೊಲದ ಕಳೆ ತೆಗೆಯುವ ಯಂತ್ರವೊಂದರ ಎಂಜಿನ್ ಮೇಲೆ ಅಂಗೈ ಊರಿ ನೋಡುತ್ತಾರೆ. ನಿನ್ನೆ ಸಂಜೆ ಬಂದ ಯಂತ್ರ ಅದು. ರಾತ್ರಿಯೆಲ್ಲ ಮುಟ್ಟದೆ ಬಿಟ್ಟಿದ್ದಾರೆ.

‘ತಣ್ಣಗಾಗ್ಯದೆ. ಈಗ ಬಿಚ್ಚಬೌದು’ ಎನ್ನುತ್ತಾ ಸ್ಪ್ಯಾನರ್ ಎತ್ತಿಕೊಳ್ಳುತ್ತಾರೆ. ‘ಬಿಸಿ ಇದ್ದಾಗ ಕಬ್ಣ ಉಬ್ಬಿರ್ತದೆ ಸಾರ್. ಆಗ ಅಳೆದ್ರೆ ಸುಳ್ಳು ಲೆಕ್ಕ ಬತ್ತದೆ. ಅದ್ಕೇ ನನ್ ಕ್ಯಾಮೆ ಏನಿದ್ರೂ ಬೆಳಿಗ್ಗೆನೇ.’

ನಾಲ್ಕು ಬೋಲ್ಟ್ ಬಿಚ್ಚಿದರೆ ಎಂಜಿನ್ನಿನ ತಲೆಯ ಮುಚ್ಚಳ ಕೈಗೆ ಬರುತ್ತದೆ. ಕೆಳಗೆ ಎಣ್ಣೆ ಮೆತ್ತಿದ ಎರಡು ವಾಲ್ವ್‌ಗಳು. ಒಂದು ಪೆಟ್ರೋಲ್ ಬೆರೆತ ಗಾಳಿಯನ್ನು ಒಳಗೆ ಬಿಡುತ್ತದೆ, ಇನ್ನೊಂದು ಸುಟ್ಟ ಹೊಗೆಯನ್ನು ಹೊರಗೆ ಹಾಕುತ್ತದೆ. ಅವನ್ನು ಒತ್ತಿ ತೆರೆಯುವುದು ರಾಕರ್ ಎಂಬ ಪುಟ್ಟ ಸನ್ನೆಗೋಲು. ರಾಕರ್‌ಗೂ ವಾಲ್ವಿನ ತುದಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಲೇಬೇಕು. ಸಂದು ಹೆಚ್ಚಾದರೂ ಕೆಡುಕು, ಕಡಿಮೆಯಾದರೂ ಕೆಡುಕು. ಚಂದ್ರಿಕಾ ಎಂಜಿನ್ನನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಿ ಪಿಸ್ಟನ್ನನ್ನು ಮೇಲಕ್ಕೆ ತರುತ್ತಾರೆ. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ತೆಳು ಉಕ್ಕಿನ ಪಟ್ಟಿಗಳಲ್ಲಿ ಒಂದನ್ನು ಆರಿಸಿ ಸಂದಿನೊಳಗೆ ತೂರಿಸುತ್ತಾರೆ. ಪಟ್ಟಿಯ ಮೇಲೆ 0.15 ಎಂದು ಕೊರೆದಿದೆ. ಮಿಲಿಮೀಟರಿನ ನೂರರಲ್ಲಿ ಹದಿನೈದು ಭಾಗ.

‘ಬೆಣ್ಣೆಯಿಂದ ಕೂದ್ಲು ತೆಗ್ದಂಗೆ ಸಲೀಸಾಗಿ ಬರಬಾರ್ದು. ಒಸಿ ಇಡ್ಕಬೇಕು. ಇಡ್ಕಂಡಂಗೂ ಇರಬೇಕು, ಬುಟ್ಟಂಗೂ ಇರಬೇಕು. ಅದು ಬಾಯಲ್ಲಿ ಯೋಳೋಕಾಗಲ್ಲ.’

ಚಂದ್ರಿಕಾಗೆ ಈಗ ನಲವತ್ತೊಂದು. ಸರಗೂರಿನಿಂದ ಒಂಬತ್ತು ಕಿಲೋಮೀಟರ್ ದೂರದ, ಕಾಡಂಚಿನ ಗಿರಿಜನರ ಹಾಡಿಯಲ್ಲಿ ಮನೆ. ಗಂಡ ಕೇತ ಬೇಸಿಗೆಯಲ್ಲಿ ಕಾಡಿನ ಬೆಂಕಿ ಕಾಯುವ ದಿನಗೂಲಿ ಕೆಲಸಕ್ಕೆ ಹೋಗುತ್ತಾರೆ, ಉಳಿದ ದಿನ ಸಿಕ್ಕ ಕೂಲಿ. ಚಂದ್ರಿಕಾ ಓದಿದ್ದು ಆಶ್ರಮ ಶಾಲೆಯಲ್ಲಿ ಐದನೇ ತರಗತಿವರೆಗೆ. ಯಂತ್ರದ ಸಹವಾಸ ಶುರುವಾದದ್ದು ಕಬಿನಿ ಹಿನ್ನೀರಿನ ದಡದ ರೆಸಾರ್ಟ್ ಒಂದರಲ್ಲಿ. ಅಲ್ಲಿನ ಹುಲ್ಲುಹಾಸಿನ ಕಳೆ ಕೀಳಲು ಹಾಡಿಯ ಆರು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡಿದ್ದರು. ಹುಲ್ಲು ಕತ್ತರಿಸಲು ಕೂತು ಓಡಿಸುವ ಕೆಂಪು ಬಣ್ಣದ ಪುಟ್ಟ ಟ್ರ್ಯಾಕ್ಟರ್ ಇತ್ತು. ಅದನ್ನು ಓಡಿಸುತ್ತಿದ್ದಾತ ಕೆಲಸ ಬಿಟ್ಟ ಮೇಲೆ, ತೋಟದ ಮೇಲ್ವಿಚಾರಕ ಗೌರೀಶ್ ‘ಯಾರು ಕಲೀತೀರಿ’ ಎಂದು ಕೇಳಿದರು. ಐದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಂದ್ರಿಕಾ ಹತ್ತಿ ಕೂತರು. ಏಳು ವರ್ಷ ಅವರೇ ಓಡಿಸಿದರು.

2018ರ ಮಳೆಗಾಲದಲ್ಲಿ ಆ ಟ್ರ್ಯಾಕ್ಟರ್ ಕೈಕೊಟ್ಟಿತು. ಕೀ ತಿರುಗಿಸಿದರೆ ಎಂಜಿನ್ ಅರ್ಧ ಸುತ್ತು ಬಂದು, ಯಾರೋ ಅಡ್ಡಗಾಲು ಕೊಟ್ಟಂತೆ ನಿಂತುಬಿಡುತ್ತಿತ್ತು. ಹೊರಗಿನಿಂದ ಬಂದ ಮೆಕ್ಯಾನಿಕ್ ಬ್ಯಾಟರಿ ಬದಲಿಸಿದ. ಸರಿಹೋಗಲಿಲ್ಲ. ಎರಡನೇ ಸಲ ಬಂದು ಸ್ಟಾರ್ಟರ್ ಬದಲಿಸಿದ. ಆಗಲೂ ಇಲ್ಲ. ಕಡೆಗೆ ಎಂಜಿನ್ನೇ ಹೋಗಿದೆ ಎಂದು ಕೈತೊಳೆದುಕೊಂಡ. ಇತ್ತ ಹುಲ್ಲು ಮೊಣಕಾಲುದ್ದ ಬೆಳೆಯಿತು. ಹೊಸ ಯಂತ್ರ ತರುವ ಬದಲು ತೋಟದ ಕೆಲಸವನ್ನೆಲ್ಲ ಏಜೆನ್ಸಿಗೆ ವಹಿಸುತ್ತಾರಂತೆ, ಅವರು ತಮ್ಮದೇ ಆಳು ತರುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಆರೂ ಹೆಂಗಸರ ಕೆಲಸಕ್ಕೆ ಕುತ್ತು.

‘ನಂಗೆ ಒಂದು ಇಸ್ಯ ಗೊತ್ತಿತ್ತು’ ಎನ್ನುತ್ತಾರೆ ಚಂದ್ರಿಕಾ. ‘ಸ್ಪಾರ್ಕ್ ಪ್ಲಗ್ ಬಿಚ್ಚಿ ಕೀ ತಿರುವಿದ್ರೆ ಗಿರ್ರನೆ ತಿರುಗ್ತಿತ್ತು. ಪ್ಲಗ್ ಆಕಿದ್ರೆ ನಿಂತೋಗೋದು. ಅಂಗಾರೆ ಬ್ಯಾಟ್ರಿದು ತಪ್ಪಲ್ಲ, ಒಳಗಡೆ ಗಾಳಿ ಕಟ್ಕಳ್ತದೆ ಅಂತ ಅನ್ನುಸ್ತು. ಯಾರಿಗ್ ಯೋಳ್ಲಿ? ಮೆಕ್ಯಾನಿಕ್ಕು ನನ್ ಕಡೆ ತಿರುಗೂ ನೋಡ್ಲಿಲ್ಲ.’

ವಾರದ ರಜೆಯ ದಿನ ಅವರು ಬಸ್ಸು ಹಿಡಿದು ಸರಗೂರಿಗೆ ಬಂದರು. ಮೂವತ್ತು ವರ್ಷದಿಂದ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ಶಿವನಂಜಪ್ಪನವರ ಶೆಡ್ಡಿನ ಮುಂದೆ ನಿಂತು ಕಂಡದ್ದನ್ನು ಹೇಳಿದರು. ಶಿವನಂಜಪ್ಪ ಕೈಯೊಳಗಿನ ಕೆಲಸ ಬಿಡದೆ ಪೂರ್ತಿ ಕೇಳಿಸಿಕೊಂಡರು. ‘ನಾನು ಬರಾಕಿಲ್ಲ ಕಣವ್ವ. ನೀನೇ ಬಿಚ್ಚು. ರಾಕರ್ ಎರಡನ್ನೂ ಬೆಳ್ಳಲ್ಲಿ ಅಲ್ಲಾಡ್ಸಿ ನೋಡು. ಎಷ್ಟು ಆಡ್ತದೆ ಅಂತ ಬಂದು ಯೋಳು’ ಎಂದರು.

ಮಾರನೆಯ ದಿನ ಗೌರೀಶ್ ಅವರನ್ನು ಕೇಳಿದಾಗ ಅವರು ಅಡ್ಡಿ ಮಾಡಲಿಲ್ಲ. ‘ಹೆಂಗೂ ಗುಜರಿಗೆ ಹೋಗೋದು, ಬಿಚ್ಚಿ ನೋಡಮ್ಮ’ ಎಂದರು. ರಾಕರ್ ಎಷ್ಟು ಸಡಿಲವಾಗಿತ್ತೆಂದರೆ ಗರಗಸದ ಬ್ಲೇಡೇ ಒಳಗೆ ಹೋಗುವಷ್ಟು ಸಂದು. ಇಂಥ ಎಂಜಿನ್ನುಗಳಲ್ಲಿ ಸ್ಟಾರ್ಟ್ ಆಗುವ ಹೊತ್ತಿಗೆ ಒಂದು ವಾಲ್ವ್ ಚೂರೇ ಚೂರು ತೆರೆದು ಒಳಗಿನ ಒತ್ತಡವನ್ನು ಇಳಿಸುವ ಏರ್ಪಾಡಿರುತ್ತದೆ. ಸಂದು ಹೆಚ್ಚಾದಾಗ ಆ ವಾಲ್ವ್ ತೆರೆಯುವುದೇ ಇಲ್ಲ. ಒತ್ತಡವನ್ನು ಮೀರಿ ತಿರುಗಿಸಲು ಸ್ಟಾರ್ಟರ್‌ಗೆ ಶಕ್ತಿ ಸಾಲುವುದಿಲ್ಲ. ಬೇಕಿದ್ದದ್ದು ಬ್ಯಾಟರಿಯೂ ಅಲ್ಲ, ಸ್ಟಾರ್ಟರೂ ಅಲ್ಲ. ನಟ್ ಒಂದನ್ನು ಮುಕ್ಕಾಲು ಸುತ್ತು ಬಿಗಿಮಾಡುವ ಕೆಲಸ. ಕಂಡದ್ದನ್ನು ಹೋಗಿ ಹೇಳಿದಾಗ ಶಿವನಂಜಪ್ಪ ತಮ್ಮ ಅಳತೆಪಟ್ಟಿಯನ್ನು ಕರ್ಚೀಫಿನಲ್ಲಿ ಸುತ್ತಿ ಕೊಟ್ಟರು. ಚಂದ್ರಿಕಾ ಅದರಂತೆ ಕೂರಿಸಿ ಕೀ ತಿರುಗಿಸಿದಾಗ ಮೊದಲ ಸಲಕ್ಕೇ ಎಂಜಿನ್ ಹತ್ತಿಕೊಂಡಿತು.

‘ನಾವು ಏಜೆನ್ಸಿಯವರಿಗೆ ಬರಬೇಡಿ ಅಂತ ಹೇಳಿದ್ದು ಆ ವಾರವೇ. ಅದೊಂದು ನಟ್ಟಿನಿಂದ ಆರು ಜನ ಉಳಿದುಕೊಂಡರು’ ಎನ್ನುತ್ತಾರೆ ಗೌರೀಶ್.

ಉಳಿದದ್ದು ಎರಡು ವರ್ಷಕ್ಕೂ ಕಡಿಮೆ. ಲಾಕ್‌ಡೌನ್ ಬಂತು, ರೆಸಾರ್ಟ್ ಬಾಗಿಲು ಹಾಕಿತು. ಮತ್ತೆ ತೆರೆದಾಗ ಹಳಬರಲ್ಲಿ ಅರ್ಧದಷ್ಟು ಜನರನ್ನು ಮಾತ್ರ ಕರೆದರು. ‘ಬರಬ್ಯಾಡ ಅನ್ಲಿಲ್ಲ, ಬಾ ಅಂತ್ಲೂ ಅನ್ಲಿಲ್ಲ’ ಎಂದು ಚಂದ್ರಿಕಾ ಆ ಮಾತನ್ನು ಅಲ್ಲಿಗೇ ಬಿಡುತ್ತಾರೆ. ಅದೇ ಹೊತ್ತಿಗೆ ಶಿವನಂಜಪ್ಪನವರಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ನೋಡಲು ಹೋದ ಚಂದ್ರಿಕಾಗೆ ಕಂಡದ್ದು ನಾಲ್ಕು ತಿಂಗಳಿಂದ ಮುಚ್ಚಿದ ಶೆಡ್ಡು, ಅದರೊಳಗೆ ರೈತರು ಬಿಟ್ಟುಹೋದ ಹನ್ನೊಂದು ಎಂಜಿನ್ನುಗಳು. ‘ನಾನು ಯೋಳ್ತೀನಿ, ನೀನು ಮಾಡು. ಆಯ್ತದಾ?’ ಎಂದು ಶಿವನಂಜಪ್ಪ ಕೇಳಿದರು. ಆಗಲ್ಲ ಎನ್ನುವುದಕ್ಕೆ ಚಂದ್ರಿಕಾಗೆ ಕಾರಣವೇನೂ ಕಾಣಲಿಲ್ಲ.

ಅಂಟಿಕೊಂಡ ವಾಲ್ವನ್ನು ಬಿಡಿಸುವುದು, ಅದಕ್ಕೆ ಕಟ್ಟಿದ ಮಸಿ ಕೆರೆಯುವುದು, ತರಿತರಿಯಾದ ಪೇಸ್ಟ್ ಹಚ್ಚಿ ಕಡೆಗೋಲಿನಂತೆ ಅಂಗೈಗಳ ನಡುವೆ ತಿರುವಿ ಉಜ್ಜುವುದು, ಉಜ್ಜಿದ ಮೇಲೆ ಪೆಟ್ರೋಲ್ ಸುರಿದು ಒಂದು ಹನಿಯೂ ಸೋರದಂತೆ ನೋಡುವುದು, ಎಲ್ಲವನ್ನೂ ಕಲಿತರು. ಸ್ಪ್ರಿಂಗ್ ಕಳಚುವಾಗ ವಾಲ್ವ್ ಒಳಗೆ ಬೀಳದಂತೆ ಪ್ಲಗ್ಗಿನ ತೂತಿನಿಂದ ನೈಲಾನ್ ಹಗ್ಗ ತುಂಬುವ ಉಪಾಯವನ್ನೂ ಕಲಿತರು. ಆದರೆ ಒಂದು ತೊಡಕಿತ್ತು. ಬಂದ ರೈತರು ‘ಯಾರು ಬಿಚ್ಚಿದ್ದು?’ ಎಂದು ಕೇಳುತ್ತಿದ್ದರು. ಹೆಂಗಸು, ಅದರಲ್ಲೂ ಹಾಡಿಯ ಹೆಂಗಸು ಬಿಚ್ಚಿದ್ದೆಂದರೆ ಯಂತ್ರ ವಾಪಸ್ ಹೊತ್ತೊಯ್ಯುತ್ತಾರೆಂದು ಶಿವನಂಜಪ್ಪನವರಿಗೆ ಗೊತ್ತಿತ್ತು. ‘ನಾನೇ ಕಣ್ರೀ’ ಎನ್ನುತ್ತಿದ್ದರು. ಒಂದು ಕೈ ಆಡದ ಮನುಷ್ಯ ಹೇಗೆ ಬಿಚ್ಚಿದ ಎಂದು ಯಾರೂ ಕೇಳಲಿಲ್ಲ. ಎಂಟು ತಿಂಗಳು ಹಾಗೇ ನಡೆಯಿತು.

ಹಾಗಿರುವಾಗಲೇ ಹಂಪಾಪುರದ ಕಡೆಯ ಸುನಂದಮ್ಮನವರ ಯಂತ್ರ ಬಂತು. ಎರಡೂವರೆ ಎಕರೆ ಹತ್ತಿ ಬೆಳೆಯುವ, ಅರವತ್ತರ ಹತ್ತಿರದ ಹೆಣ್ಣುಮಗಳು. ಎಂಜಿನ್ ಟಕಟಕ ಎನ್ನುತ್ತದೆ, ಆ ಶಬ್ದ ನಿಲ್ಲಿಸಿಕೊಡಿ ಎಂದಿದ್ದರು. ಶಿವನಂಜಪ್ಪ ಅಂದು ಆಸ್ಪತ್ರೆಗೆ ಹೋಗಿದ್ದರು. ಚಂದ್ರಿಕಾ ಒಬ್ಬರೇ ಕೂತು, ಶಬ್ದ ಪೂರಾ ಅಡಗುವವರೆಗೆ ಸಂದನ್ನು ಬಿಗಿಮಾಡಿದರು. ಎಂಜಿನ್ ನುಣ್ಣಗೆ ಓಡಿತು. ಸುನಂದಮ್ಮ ಖುಷಿಯಾಗಿ ಒಯ್ದರು.

ನಾಲ್ಕನೇ ದಿನ ಹತ್ತಿ ಸಾಲಿನ ನಡುವೆ ಯಂತ್ರ ನಿಂತಿತು. ಸಂದೇ ಇಲ್ಲದ್ದರಿಂದ ಬಿಸಿಯೇರಿದಾಗ ಹೊಗೆಯ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ, ಅದರ ಅಂಚು ಸುಟ್ಟು ಕರಗಿತ್ತು. ಮಳೆ ಬಿಡುವು ಕೊಟ್ಟ ವಾರ ಅದು; ಕಳೆ ತೆಗೆಯಲು ಸಿಗುವುದೇ ಅಂಥ ನಾಲ್ಕಾರು ದಿನ. ಸುನಂದಮ್ಮ ಯಂತ್ರವನ್ನು ಆಟೋದಲ್ಲಿ ಹೇರಿಕೊಂಡು ಬಂದು ಶೆಡ್ಡಿನ ಮುಂದೆ ಇಳಿಸಿದರು. ಐದಾರು ಜನ ನೆರೆದಿದ್ದರು. ಅವರ ಮುಂದೆಯೇ ಸುನಂದಮ್ಮ ತರಾಟೆಗೆ ತೆಗೆದುಕೊಂಡರು.

‘ಮೂವತ್ತು ವರ್ಷದ ಎಸ್ರು ಇಂಗೆ ಕಳ್ಕಬೇಕಾ ಸಿವನಂಜಪ್ಪೋರೆ? ಕಣ್ಮುಚ್ಕೊಂಡು ಮಾಡುದ್ರಾ?’

ಶಿವನಂಜಪ್ಪ ತಲೆ ತಗ್ಗಿಸಿ, ‘ನಂದೇ ತಪ್ಪು ಕಣವ್ವ. ಒಸಿ ಬಿಗಿಯಾಗೋಯ್ತು’ ಎಂದರು.

ಒಳಗಿದ್ದ ಚಂದ್ರಿಕಾ ಕೈಯೊರೆಸಿಕೊಂಡು ಹೊರಗೆ ಬಂದರು. ‘ಅವ್ರಲ್ಲ ಕಣಮ್ಮ. ನಾನು ಮಾಡಿದ್ದು. ಅವತ್ತು ಅವ್ರು ಇರ್ಲೇ ಇಲ್ಲ.’

ಆ ಗಳಿಗೆಯ ಬಗ್ಗೆ ಕೇಳಿದರೆ ಚಂದ್ರಿಕಾ ಹೇಳುವುದಿಷ್ಟು: ‘ಚೆಂದಾಗಿ ಮಾಡಿದ್ನ ಅವ್ರ ಎಸ್ರಲ್ಲಿ ಕೊಟ್ಟೆ, ಸರಿ. ಕೆಟ್ಟಿದ್ನೂ ಅವ್ರ ತಲೆಗೇ ಕಟ್ಟದಾ? ಅದ್ಕೇ ಯೋಳ್ಬುಟ್ಟೆ ಸಾರ್.’

ಹೊಸ ವಾಲ್ವ್ ಮೈಸೂರಿನಿಂದ ಬರಲು ಎರಡು ದಿನ ಬೇಕಿತ್ತು. ಆ ಎರಡೂ ದಿನ ಚಂದ್ರಿಕಾ ಕುಡುಗೋಲು ಹಿಡಿದು ಸುನಂದಮ್ಮನವರ ಹೊಲಕ್ಕೆ ಹೋದರು. ಯಾರೂ ಕರೆದಿರಲಿಲ್ಲ. ಸಾಲು ಹಿಡಿದು ಕೂತು ಕಳೆ ತೆಗೆದರು. ಮೊದಲ ದಿನ ಸುನಂದಮ್ಮ ದೂರದ ಸಾಲಿನಲ್ಲೇ ಇದ್ದರು. ಎರಡನೇ ದಿನ ಮಧ್ಯಾಹ್ನ ಮುದ್ದೆ ಬುತ್ತಿ ಬಿಚ್ಚಿ ಬದುವಿನ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡು ಕೇಳಿದರು: ‘ಅಲ್ಲಾ, ಸಬ್ದ ನಿಲ್ಸು ಅಂದಿದ್ದು ನಾನೇ. ಆಗಲ್ಲ ಅನ್ಬೇಕಿತ್ತು ತಾನೆ?’

‘ಆಗ ಗೊತ್ತಿರ್ಲಿಲ್ಲ ಕಣಮ್ಮ. ಈಗ ಗೊತ್ತಾಯ್ತು’ ಎಂದರು ಚಂದ್ರಿಕಾ.

ಹಂಪಾಪುರದಲ್ಲಿ ಸಿಕ್ಕ ಸುನಂದಮ್ಮ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ. ‘ಬಾಯಿಗ್ ಬಂದಂಗೆ ಬಯ್ದಿದ್ದು ನಿಜ ಕಣ್ರೀ. ಅವ್ಳು ತಪ್ಪು ಒಪ್ಕಂಡ್ಳಲ್ಲ, ಆಗ್ಲೇ ಅನ್ನುಸ್ತು, ಇವ್ಳ ಕೈಗೆ ಕೊಡಬೌದು ಅಂತ. ತಪ್ಪೇ ಮಾಡಿಲ್ಲ ಅನ್ನೋರ್ನ ಬೇಕಾದಷ್ಟು ನೋಡಿವ್ನಿ.’ ಆ ಹಂಗಾಮಿನಲ್ಲೇ ಅವರು ತಮ್ಮೂರಿನ ಮೂರು ಯಂತ್ರಗಳನ್ನು ಸರಗೂರಿಗೆ ಕಳಿಸಿದರು. ಚಂದ್ರಿಕಾ ಕೈಗೇ ಕೊಡಬೇಕೆಂದು ಹೇಳಿ ಕಳಿಸಿದರು. ಶಿವನಂಜಪ್ಪ ‘ನಾನೇ’ ಎನ್ನುವುದನ್ನು ನಿಲ್ಲಿಸಿದ್ದು ಅಂದಿನಿಂದ.

ಸುಟ್ಟ ಆ ವಾಲ್ವನ್ನು ಜೋಪಾನ ಮಾಡಿದ್ದೀರಾ ಎಂದರೆ ಚಂದ್ರಿಕಾ ನಗುತ್ತಾರೆ. ‘ಗುಜರಿಗೆ ಆಕ್ದೆ. ಇಟ್ಕಂಡು ಏನ್ ಮಾಡ್ಲಿ?’

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ ನಾಲ್ಕೈದು ಎಂಜಿನ್ ಬರುತ್ತವೆ. ಬೇಸಿಗೆಯಲ್ಲಿ ಒಂದು ಬಂದರೆ ಹೆಚ್ಚು. ಹತ್ತಿ, ಶುಂಠಿ ಹೊಲದ ಯಂತ್ರಗಳದೇ ಸಿಂಹಪಾಲು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳಿಂದಲೂ, ಒಮ್ಮೊಮ್ಮೆ ಕೆ.ಆರ್. ನಗರದಿಂದಲೂ ಬಸ್ಸಿನ ಟಾಪಿನಲ್ಲಿ ಎಂಜಿನ್ ಬಂದಿಳಿಯುವುದುಂಟು. ಬಂದ ಹತ್ತರಲ್ಲಿ ಆರಕ್ಕೆ ಬರೀ ಸಂದಿನ ತೊಂದರೆ, ಎರಡಕ್ಕೆ ವಾಲ್ವ್ ಅಂಟಿಕೊಂಡಿರುತ್ತದೆ, ಒಂದಕ್ಕೆ ರಾಕರನ್ನು ಎತ್ತುವ ಕಡ್ಡಿ ಬಾಗಿರುತ್ತದೆ. ‘ಇನ್ನೊಂದಕ್ಕೆ ಪೆಟ್ರೋಲೇ ಇರಲ್ಲ’ ಎಂದು ಗಂಭೀರವಾಗಿಯೇ ಲೆಕ್ಕ ಒಪ್ಪಿಸುತ್ತಾರೆ.

ಕಷ್ಟವಿಲ್ಲವೆಂದಲ್ಲ. ಮಳೆಗಾಲದ ನಸುಕಿನಲ್ಲಿ ಹಾಡಿಯಿಂದ ರಸ್ತೆಗೆ ಬರುವ ದಾರಿಯಲ್ಲಿ ಆನೆ ಇದ್ದರೆ ಅದು ದಾಟುವವರೆಗೂ ನಿಲ್ಲಬೇಕು. ಉಜ್ಜಿ ಉಜ್ಜಿ ಬಲ ಹೆಬ್ಬೆರಳಿನ ಕೀಲು ಊದಿಕೊಂಡಿದೆ. ಈಗಲೂ ಅಪರೂಪಕ್ಕೆ ಯಾರಾದರೂ ‘ಯಜಮಾನ್ರು ಇಲ್ವಾ?’ ಎಂದು ಕೇಳಿ, ಇಲ್ಲವೆಂದರೆ ತಿರುಗಿ ಹೋಗುತ್ತಾರೆ. ಕಳೆದ ವರ್ಷ ರೆಸಾರ್ಟಿನವರು ಮತ್ತೆ ಕೆಲಸಕ್ಕೆ ಕರೆದಿದ್ದರು. ತಿಂಗಳಿಗೊಮ್ಮೆ ಬಂದು ಯಂತ್ರ ನೋಡಿಕೊಡುತ್ತೇನೆ, ಅಲ್ಲೇ ಇರಲಾರೆ ಎಂದರು ಚಂದ್ರಿಕಾ. ಕಳೆ ತೆಗೆಯುವ ಹೊತ್ತಿನಲ್ಲಿ ಎಂಜಿನ್ ಕೆಟ್ಟರೆ ರೈತರು ಎಲ್ಲಿಗೆ ಹೋಗಬೇಕೆಂಬುದು ಅವರ ಪ್ರಶ್ನೆ.

ಗೋಡೆಗೊರಗಿದ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಶಿವನಂಜಪ್ಪ ಈಗ ಬಾಯಿ ತೆರೆಯುತ್ತಾರೆ. ‘ಈಗ ನಾನು ಏನೂ ಯೋಳ್ಕೊಡಾಕಿಲ್ಲ. ಎಲ್ಡು ವರ್ಷ ಆಯ್ತು. ಸುಮ್ನೆ ನೋಡ್ತಾ ಕೂತಿರ್ತೀನಿ.’

ಮುಂದೆ ಏನಾಗಬೇಕೆಂದು ಚಂದ್ರಿಕಾ ಅವರನ್ನು ಕೇಳುತ್ತೇನೆ. ದೊಡ್ಡ ಅಂಗಡಿ, ಬೋರ್ಡು, ಹೊಸ ಸಾಮಾನು ಎನ್ನಬಹುದೆಂದು ನನ್ನ ಊಹೆ. ಅವರು ಶೆಡ್ಡಿನ ಮಣ್ಣಿನ ನೆಲದ ಕಡೆ ಕೈ ತೋರಿಸುತ್ತಾರೆ. ವಾಲ್ವಿನ ಕೊರಳಿಗೆ ಸ್ಪ್ರಿಂಗನ್ನು ಹಿಡಿದಿಡುವ, ಅಕ್ಕಿಕಾಳಿಗಿಂತ ಚೂರು ದೊಡ್ಡದಾದ ಎರಡು ಲಾಕ್‌ಗಳಿರುತ್ತವಂತೆ. ಕೈಜಾರಿ ಒಂದು ಬಿದ್ದರೂ ಎಂಜಿನ್ ಜೋಡಿಸುವಂತಿಲ್ಲ.

‘ಸಿಮೆಂಟ್ ನೆಲ ಒಂದು ಆಗ್ಬೇಕು ಸಾರ್. ಮಣ್ಣಲ್ಲಿ ಬಿದ್ರೆ ಸದ್ದೇ ಬರಲ್ಲ, ಅರ್ಧ ದಿನ ಹುಡುಕ್ತಾ ಕೂರ್ಬೇಕು. ಸಿಮೆಂಟ್ ಆದ್ರೆ ಟಿಣ್ ಅಂತದೆ. ಎಲ್ಲಿ ಬಿತ್ತು ಅಂತ ತಿರುಗಿ ನೋಡ್ದೆನೇ ಗೊತ್ತಾಯ್ತದೆ.’