ನಾಯಿಗಂಟೆಗೆ ಕಾಡಿಗೆ

ಆ ದಿನಗಳಲ್ಲಿ ತ್ಯಾಗರಾಜನಗರದ ನಮ್ಮ ಮನೆಗೆ ಹೊರಗಿನಿಂದ ಏನೇ ಬಂದರೂ ಮೊದಲು ನೀರು ಕಾಣಬೇಕಿತ್ತು. ತರಕಾರಿ, ಪಾತ್ರೆ, ಶಾಲೆಯಿಂದ ಬಂದ ನಾವು, ಎಲ್ಲಕ್ಕೂ ಅಜ್ಜಿಯ ಕಾನೂನು ಒಂದೇ.

ಕಾರ್ಖಾನೆಯ ತರಬೇತಿಗೆಂದು ಜಪಾನಿಗೆ ಹೋಗಿದ್ದ ಚಿಕ್ಕಪ್ಪ ಆ ಚಳಿಗಾಲ ಒಂದು ಮಣ್ಣಿನ ಗಂಟೆ ತಂದ. ನಿಂಬೆಹಣ್ಣಿನಷ್ಟು ದಪ್ಪ, ಕೂತ ನಾಯಿಯ ಆಕಾರ. ಬಿಳಿ ಮೈ, ಕೆಂಪು ಕೊರಳಪಟ್ಟಿ, ಎರಡು ಕಪ್ಪು ಕಣ್ಣು. ಅಲ್ಲಾಡಿಸಿದರೆ ಮಡಕೆಯೊಳಗೆ ಹುಣಸೆಬೀಜ ಉರುಳಿದಂಥ ಸದ್ದು.

"ನಾಯೀನ ಮನೆಯೊಳಗೆ ತಂದ್ಯೇನೋ?" ಎಂದರು ಅಜ್ಜಿ.

"ಕಾವಲಿಗೆ ಅಮ್ಮ. ಇದನ್ನ ಕಟ್ಟಿದ್ರೆ ಮಕ್ಕಳಿಗೆ ಕಾಯಿಲೆ ಬರಲ್ಲ ಅಂತಾರೆ ಅಲ್ಲಿ" ಎಂದು ಚಿಕ್ಕಪ್ಪ ಅದನ್ನು ನನ್ನ ತಂಗಿ ಸುಧಾಳ ಹಾಸಿಗೆ ಪಕ್ಕದ ಕಿಟಕಿಗೆ ಕಟ್ಟಿದ.

ಸುಧಾಗೆ ಉಬ್ಬಸ. ಚಳಿ ಶುರುವಾದರೆ ಅವಳ ಎದೆಗೆ ಹಚ್ಚಿದ ನೀಲಗಿರಿ ಎಣ್ಣೆಯ ಘಾಟು ಮನೆಯಿಡೀ. ಮಲಗಿದರೆ ಉಸಿರು ನಿಂತುಹೋಗುತ್ತದೆಂದು ಹೆದರಿ ಗೋಡೆಗೊರಗಿ ಕೂತೇ ಇರುತ್ತಿದ್ದಳು. ಗಂಟೆ ಬಂದ ಮೇಲೆ ಮಲಗತೊಡಗಿದಳು.

ಗುರುವಾರ ಸಂಜೆ ಅಜ್ಜಿ ಮರುದಿನದ ಪೂಜೆಗೆ ಹಿತ್ತಾಳೆ ಸಾಮಾನು ಬೆಳಗುವ ಹೊತ್ತು. ಗಂಟೆ ಅಂದಮೇಲೆ ಇದೂ ಗಂಟೆಯೇ. ಹುಣಸೆಹಣ್ಣು ಹಚ್ಚಿ ತೆಂಗಿನ ನಾರಿನಲ್ಲಿ ತಿಕ್ಕಿಬಿಟ್ಟರು. ಬಣ್ಣವೆಲ್ಲ ಬಚ್ಚಲಿಗೆ ಹರಿದು ಬೋಳು ಮಣ್ಣು ಉಳಿಯಿತು.

"ಅದಕ್ಕೆ ಕಣ್ಣೇ ಇಲ್ಲ! ಕಾಯಿಲೆ ಬಂದ್ರೆ ಹೇಗೆ ನೋಡುತ್ತೆ?" ಅತ್ತು ಅತ್ತು ಸುಧಾಗೆ ಮೇಲುಸಿರು ಬಂತು.

"ಜಪಾನಿನ ಬಣ್ಣ, ನಮ್ಮ ಹುಣಸೆಹಣ್ಣಿಗೆ ತಡೀಲಿಲ್ಲ" ಎಂದು ಗೊಣಗಿದ ಅಜ್ಜಿ ಕೈ ಒರೆಸಿಕೊಂಡು, ಹರಳೆಣ್ಣೆ ದೀಪದ ಮಸಿ ಹಿಡಿದು ತಾವೇ ಮಾಡಿದ್ದ ಕಾಡಿಗೆಯ ಭರಣಿ ತಂದರು. ಉಂಗುರ ಬೆರಳಲ್ಲಿ ಎರಡು ಕಣ್ಣಿಟ್ಟರು, ಒಂದು ದೊಡ್ಡದು, ಒಂದು ಚಿಕ್ಕದು. ಕೆನ್ನೆಗೊಂದು ದೃಷ್ಟಿಬೊಟ್ಟು.

"ಕಾಯೋನಿಗೂ ದೃಷ್ಟಿ ತಾಗಬಾರದಲ್ಲ? ಹೂಂ, ಈಗ ಚೆನ್ನಾಗಿ ನೋಡುತ್ತೆ. ಮಲ್ಕೋ."

ಸುಧಾ ಮಲಗಿದಳು.

ಆ ಗಂಟೆ ಈಗ ಬನಶಂಕರಿಯಲ್ಲಿ, ಅವಳ ಫ್ಲಾಟಿನ ಕಿಟಕಿಯಲ್ಲಿದೆ. ಉಬ್ಬಸ ಅವಳ ಮೊಮ್ಮಗಳಿಗೆ ಬಂದಿದೆ. ಮೊನ್ನೆ ನಾನು ಹೋದಾಗ ಸುಧಾ, "ಅಕ್ಕಾ, ಕಣ್ಣು ಮಾಸಿದೆ. ನಿನ್ನ ಕೈ ನೇರ, ನೀನೇ ಬರಿ" ಎಂದಳು. ಮನೆಯಲ್ಲಿ ಕಾಡಿಗೆ ಮಾಡುವವರು ಯಾರೂ ಉಳಿದಿಲ್ಲ. ಅಂಗಡಿಯ ಕಾಡಿಗೆ ಪೆನ್ಸಿಲ್ಲಿನಲ್ಲಿ ಬರೆದೆ. ಅಜ್ಜಿ ಇಟ್ಟ ಕಣ್ಣಿಗಿಂತ ಅಚ್ಚುಕಟ್ಟಾಗಿಯೇ ಬಂತು.

ಮಗು ಗಂಟೆಯನ್ನಲ್ಲ, ನನ್ನ ಮುಖವನ್ನು ನೋಡಿತು. "ಈಗ ಕಾಣ್ಸುತ್ತಾ ಅದಕ್ಕೆ?"

"ಕಾಣ್ಸುತ್ತೆ" ಎಂದೆ. "ಆದ್ರೂ ಇನ್ಹೇಲರ್ ದಿಂಬಿನ ಪಕ್ಕದಲ್ಲೇ ಇಟ್ಕೋ ಪುಟ್ಟಿ."

ಆ 'ಆದ್ರೂ' ಅಜ್ಜಿಯ ಬಾಯಲ್ಲಿ ಇರಲಿಲ್ಲ.