ದೊಡ್ಡಮ್ಮನ ಮನೆಗೆ ಗೂಬೆ ಹೊಕ್ಕಿದ್ದು

ಹಿಂದೂಪುರದ ಬೀದಿಗಳಲ್ಲಿ ಈರುಳ್ಳಿ ಗಾಡಿಯ ಸ್ಪೀಕರಿನಿಂದ ಬರುವ ದನಿ ನನ್ನದು. ಟೊಮೇಟೊ ಗಾಡಿಯದೂ ನನ್ನದೇ. ಅವನಿಗೆ ಸ್ವಲ್ಪ ಮೂಗಿನಲ್ಲಿ ಕೂಗಿ ರೆಕಾರ್ಡ್ ಮಾಡಿಕೊಟ್ಟಿದ್ದೇನೆ, ಇಬ್ಬರೂ ಒಂದೇ ಬೀದಿಗೆ ಬಂದರೆ ಜನಕ್ಕೆ ಗೊತ್ತಾಗಬಾರದಲ್ಲ. ಮದುವೆಗಳಲ್ಲಿ ಮಿಮಿಕ್ರಿ ಮಾಡುತ್ತೇನೆ: ಬೀಗರು, ಬಸ್ ಕಂಡಕ್ಟರು, ಕುಡಿದು ಬಂದ ಸೋದರಮಾವ. ಕಾನ್‌ಸ್ಟೇಬಲ್ ಆಯ್ಕೆಗೆ ಹೋದಾಗ ಎದೆ ಉಬ್ಬಿಸು ಎಂದರು. ನನ್ನದು ಎದೆ ಉಬ್ಬಲಿಲ್ಲ, ಹೊಟ್ಟೆ ಉಬ್ಬಿತು. ಟೇಪು ಹಿಡಿದವನು ನಕ್ಕ ನಗುವನ್ನೇ ಕಲಿತುಕೊಂಡು ಮನೆಗೆ ಬಂದೆ. ಇವತ್ತಿಗೂ ಅದಕ್ಕೆ ಚಪ್ಪಾಳೆ ಬೀಳುತ್ತದೆ.

ನನ್ನ ಹತ್ತಿರ ಇರುವ ದನಿಗಳಲ್ಲಿ ಮನುಷ್ಯರದಲ್ಲದ್ದು ಒಂದೇ, ಗುಡ್ಲಗೂಬದ್ದು, ಅಂದರೆ ಗೂಬೆಯದು. ಅದನ್ನು ಕಲಿತದ್ದು ಕಲ್ಯಾಣದುರ್ಗದ ಪಕ್ಕದ ಹಳ್ಳಿಯಲ್ಲಿ, ಅಮ್ಮನ ಅಕ್ಕನ ಮನೆಯ ಹಿತ್ತಿಲಲ್ಲಿ ಕೂತು.

ದೊಡ್ಡಮ್ಮನಿಗೆ ಗಂಡನಿಲ್ಲ, ಮಕ್ಕಳಿಲ್ಲ, ಹಲ್ಲೂ ಹೆಚ್ಚಿಲ್ಲ. ನಾಲಿಗೆ ಮಾತ್ರ ಪೂರ್ತಿ ಇದೆ. ಗಂಡ ಬಿಟ್ಟುಹೋದದ್ದು ಕಲ್ಲುಚಪ್ಪಡಿ ಹೊದಿಸಿದ ಹಳೆಯ ಮನೆ. ಅದರ ಹಿಂದೆ ಹಿತ್ತಿಲು, ಹಿತ್ತಿಲಿನಾಚೆ ಒಂದರ ಮೇಲೊಂದು ಗುಂಡುಕಲ್ಲು ಕೂತ ಗುಡ್ಡ. ಪಕ್ಕದಲ್ಲಿ, ಸ್ವಲ್ಪ ಹಿಂದಕ್ಕೆ, ಅವಳ ಮೈದುನನ ಆರ್‌ಸಿಸಿ ಮನೆ. ನನಗೆ ಅವನು ಚಿಕ್ಕಪ್ಪನಾಗಬೇಕು. ಅವನ ಟ್ರಾಕ್ಟರು ರೋಡಿಗೆ ಬರಬೇಕಾದರೆ ಊರೆಲ್ಲ ಸುತ್ತಬೇಕು. ದೊಡ್ಡಮ್ಮನ ಮನೆ ಬಿದ್ದರೆ ನೇರ ದಾರಿ. ಈ ವಿಷಯ ಊರಿನ ನಾಯಿಗೂ ಗೊತ್ತು. ನೇರ ದಾರಿಗಾಗಿ ಅವನು ಬೇಡಿದ್ದ, ಬೈದಿದ್ದ, ಒಮ್ಮೆ ಅತ್ತೂ ಇದ್ದ. ಆ ಅಳುವನ್ನು ನಾನು ಚೆನ್ನಾಗಿ ಮಾಡುತ್ತೇನೆ. ದೊಡ್ಡಮ್ಮ ಊಟದ ಮಧ್ಯೆ ಅದನ್ನು ಮಾಡಿಸಿ ಕೇಳಿ ಇನ್ನೊಂದು ಮುದ್ದೆ ಹಾಕುತ್ತಿದ್ದಳು.

ಗುಡ್ಡದ ಗೂಬೆ ತೆಂಗಿನ ಪೊಟರೆಯಲ್ಲಿ ಕಿಚಪಿಚ ಎನ್ನುವ ಪುಟ್ಟ ಹಾಲಕ್ಕಿಯಲ್ಲ. ಕೊಂಬಿನ ಗೂಬೆ. ಕೂತರೆ ಎರಡಡಿ ಎತ್ತರ, ಕಾಲಿನ ಬೆರಳಿನವರೆಗೂ ಗರಿ, ಕೆಂಡದಂಥ ಕಿತ್ತಳೆ ಕಣ್ಣು. ತಲೆಯ ಮೇಲೆ ನಿಂತಿರುವುದು ಕೊಂಬೂ ಅಲ್ಲ, ಕಿವಿಯೂ ಅಲ್ಲ, ಬರೀ ಗರಿ. ಚಿಕ್ಕಪ್ಪನ ಮೀಸೆಯ ಹಾಗೆ ಹೆದರಿಸುವುದಕ್ಕೆ ಇಟ್ಟುಕೊಂಡದ್ದು. ಹೊತ್ತು ಮುಳುಗುವಾಗ ಗಂಡು ಯಾವಾಗಲೂ ಅದೇ ಬಂಡೆಯ ತುದಿಗೆ ಬಂದು ಕೂರುತ್ತದೆ. ಕತ್ತು ಉಬ್ಬುತ್ತದೆ, ಗಂಟಲಿನ ಬಿಳಿ ಕಾಣುತ್ತದೆ, ಆಮೇಲೆ ಎರಡು ಕೂಗು. ಮೊದಲನೆಯದು ಗಿಡ್ಡ, ಎರಡನೆಯದು ಉದ್ದ. ಖಾಲಿ ಗುಡಾಣದೊಳಗೆ ಬಾಯಿಟ್ಟು ಯಾರೋ ಯಾರನ್ನೋ ಬೇಸರದಿಂದ ಕರೆದಂತೆ. ನಾನು ಮೊದಲ ಸಲ ಕೂಗಿದಾಗ ಅದು ಕತ್ತು ತಿರುಗಿಸಿ ನನ್ನನ್ನು ನೋಡಿತು. ಮದುವೆ ಮನೆಗಳಲ್ಲಿ ಎಷ್ಟೋ ಜನ ಹಾಗೆ ನೋಡಿದ್ದಾರೆ, ಬೇಜಾರಾಗಲಿಲ್ಲ.

ಅದು ಗೂಡು ಕಟ್ಟುವುದಿಲ್ಲ. ಬಂಡೆಯ ಸಂದಿನ ಬರೀ ಮಣ್ಣಿನ ಮೇಲೆ ಮೊಟ್ಟೆ. ಹತ್ತಿ ನೋಡಿದ್ದೇನೆ. ಸುತ್ತ ಮೊಲದ ಕಾಲು, ನವಿಲುಮರಿಯ ಪುಕ್ಕ, ಇಲಿಯ ಮೂಳೆ ಕೂದಲು ಸೇರಿಸಿ ಅದು ಕಕ್ಕಿದ ಬೂದು ಉಂಡೆಗಳು. ಮೊಟ್ಟೆಗಳನ್ನು ದಿನ ಬಿಟ್ಟು ದಿನ ಇಡುವುದರಿಂದ ಮರಿಗಳೂ ಹಿಂದೆ ಮುಂದೆ ಬರುತ್ತವೆ. ಕೊನೆಯದು ಕಣ್ಣು ಬಿಡುವ ಹೊತ್ತಿಗೆ ಮೊದಲನೆಯದು ಕೋಳಿಯಷ್ಟಾಗಿರುತ್ತದೆ. ಕಳೆದ ವರ್ಷ ಶಿವರಾತ್ರಿಯ ಆಚೆ ಹೋದಾಗ ಮೂರು ಮರಿಗಳಿದ್ದವು, ಮುಂದಿನ ಸಲ ಎರಡೇ. ಸಂದಿನಲ್ಲಿ ಒಂದು ಚಿಕ್ಕ ಕಾಲು ಬಿದ್ದಿತ್ತು, ಬಿಳಿ ತುಪ್ಪಳದ ಸಮೇತ. ಇಳಿದು ಬಂದು ಹೇಳಿದೆ. ದೊಡ್ಡಮ್ಮ ಕಡಲೆಕಾಯಿ ಸುಲಿಯುತ್ತಿದ್ದಳು.

"ದೊಡ್ಡೋವು ತಿಂದ್ಕಂಡಿರ್ತವೆ. ಮನುಷ್ಯರಾಗಿದ್ರೆ ಮೊದ್ಲು ಪಂಚಾಯ್ತಿ ಸೇರುಸ್ತಿದ್ರು" ಎಂದಳು.

ಅವಳ ಪಂಚಾಯಿತಿ ಸೇರುವುದಕ್ಕೆ ಹೆಚ್ಚು ದಿನ ಹಿಡಿಯಲಿಲ್ಲ.

ಕಲ್ಯಾಣದುರ್ಗದಲ್ಲಿ ಒಂದು ಮದುವೆಗೆ ಮಿಮಿಕ್ರಿ ಮಾಡಿ ಅವಳ ಮನೆಯಲ್ಲಿ ಮಲಗಿದ್ದೆ. ಬೆಳಿಗ್ಗೆ ಅಟ್ಟದ ಮೇಲೆ ಪ್ರೆಷರ್ ಕುಕ್ಕರಿನ ಉಸಿರಿನಂಥ ಸದ್ದು. ಹತ್ತಿ ನೋಡಿದರೆ ಬಿದಿರ ಕುಕ್ಕೆ ಬೋರಲು ಹಾಕಿದೆ, ಒಳಗೆ ಗೂಬೆಮರಿ. ಕುಕ್ಕೆ ಎತ್ತಿದ್ದೇ ತಡ, ರೆಕ್ಕೆಗಳನ್ನು ಮೊರದ ಹಾಗೆ ಬಿಚ್ಚಿ, ಕೊಕ್ಕು ಟಕಟಕ ಕಡಿದು, ನನಗಿಂತ ದೊಡ್ಡದಾಯಿತು. ಅಂದರೆ ನಾವು ನಂಬಬೇಕಾಗಿದ್ದ ಕತೆ ಹೀಗಿತ್ತು: ಹಾರಲು ಬಾರದ ಮರಿ ಗುಡ್ಡ ಇಳಿದು, ಹಿತ್ತಿಲ ಗೋಡೆ ಹತ್ತಿ, ಏಣಿ ಏರಿ, ಚಳಿಯಾದೀತೆಂದು ತಲೆಯ ಮೇಲೆ ಕುಕ್ಕೆ ಮುಚ್ಚಿಕೊಂಡು ಕೂತಿದೆ.

ಚಿಕ್ಕಪ್ಪ ಆಗಲೇ ನಾಲ್ಕು ಜನರನ್ನು ಕರೆದುಕೊಂಡು ಬಾಗಿಲಲ್ಲಿದ್ದ. ಬಲಗೈಗೆ ಟವೆಲು ಸುತ್ತಿತ್ತು, ಟವೆಲಿನಲ್ಲಿ ರಕ್ತ ಒಣಗಿತ್ತು. ಏನಾಯಿತೆಂದು ಯಾರೋ ಕೇಳಿದ್ದಕ್ಕೆ ಮುಳ್ಳುತಂತಿ ಎಂದ.

ನಮ್ಮ ಕಡೆ ಗೂಬೆ ಹೊಕ್ಕ ಮನೆಯನ್ನು ಮೂರು ತಿಂಗಳು ಬಿಡಬೇಕು. ಬೀಗ ಹಾಕಿ ಹೊರಗಿದ್ದು, ಶಾಂತಿ ಮಾಡಿಸಿ ಒಳಗೆ ಬರಬೇಕು. ಚಿಕ್ಕಪ್ಪನಿಗೆ ಬೇಕಾಗಿದ್ದದ್ದು ಆ ಮೂರು ತಿಂಗಳು. ಚಪ್ಪಡಿ ಮನೆ ಅದು, ಒಂದು ಗೋಡೆ ಕದಲಿಸಿದರೆ ಮಿಕ್ಕದ್ದು ತಾನೇ ಕೂರುತ್ತದೆ. ಆಮೇಲೆ ಮುದುಕಿ ಅದನ್ನು ಕಟ್ಟಿಸುವಂತಿಲ್ಲ.

ಹಾಲಿನ ಡೇರಿಯ ಮುಂದೆ ಜನ ಸೇರಿದರು. ದೊಡ್ಡಮ್ಮ ಕೇಳಿದ್ದು ಒಂದೇ, ಇವನ ಟವೆಲು ಬಿಚ್ಚಿ ನೋಡಿ ಎಂದು. ಯಾರೂ ಬಿಚ್ಚಲಿಲ್ಲ, ಬಿಚ್ಚುವ ಅಗತ್ಯವೂ ಇರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಊರಿನ ಹಿರಿಯ, ಅವಳ ಕೈಯ ಊಟ ಎಷ್ಟೋ ಸಲ ಉಂಡವನು, ಮೃದುವಾಗಿ ಹೇಳಿದ: "ಎವರು ತೆಚ್ಚಿತೇ ಏಮಮ್ಮಾ, ವಚ್ಚಿಂದಿ ಗದಾ." ಯಾರು ತಂದರೇನು, ಬಂದದ್ದು ಬಂತಲ್ಲ. ತಂದದ್ದು ಬೇರೆ ಲೆಕ್ಕ, ಹೊಕ್ಕದ್ದು ಬೇರೆ ಲೆಕ್ಕ ಎಂದು ಪೂಜಾರಿಯೂ ತಲೆಯಾಡಿಸಿದ. ಚಿಕ್ಕಪ್ಪ ಸಾವಿನ ಮನೆಯಲ್ಲಿ ಸಮಾಧಾನ ಹೇಳುವ ದನಿಯಲ್ಲಿ ಅದೇ ಮಾತನ್ನು ಇನ್ನೊಮ್ಮೆ ಹೇಳಿದ: "ಬಂದದ್ದು ಬಂತಲ್ಲ ಅತ್ತಿಗೆ." ಆ ದನಿಯನ್ನು ನಾನು ಅಲ್ಲೇ ಹಿಡಿದುಕೊಂಡೆ. ಅಷ್ಟು ಎಣ್ಣೆ ಹಚ್ಚಿದ ದನಿ ಸುಲಭಕ್ಕೆ ಸಿಗುವುದಿಲ್ಲ.

ಎಲ್ಲಾದರೂ ತಂಗಿಯ ಮನೆಗೆ, ಹಿಂದೂಪುರಕ್ಕೆ, ಹೋಗಿ ಇರಮ್ಮ ಎಂದರು. ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನಾನ್ಯಾಕೆ ಇನ್ನೊಬ್ರು ಊರಿಗೆ ಹೋಗ್ಲಪ್ಪ? ಗಂಡನ ಮನೆ ಬಾಗ್ಲು ಮುಚ್ಚುದ್ರೆ ಮೈದುನನ ಮನೆ ಬಾಗ್ಲು. ಇವತ್ತೇ ಬತ್ತೀನಿ. ಕೋಳಿಗಳ್ನೂ ತತ್ತೀನಿ."

ಹಿರಿಯರಿಗೆ ಇದರಲ್ಲಿ ತಪ್ಪು ಕಾಣಲಿಲ್ಲ. ಚಿಕ್ಕಪ್ಪನ ಹೆಂಡತಿಗೆ ಕಂಡಿತು, ಆದರೆ ಆಕೆಯನ್ನು ಯಾರೂ ಕೇಳಲಿಲ್ಲ. ಮರಿಯನ್ನು ನಾಯಿಗೆ ಎಸೆಯೋಣ ಎಂದು ಚಿಕ್ಕಪ್ಪ ಎದ್ದ. ದೊಡ್ಡಮ್ಮ ಪೂಜಾರಿಯ ಕಡೆ ತಿರುಗಿ, ಹೊಕ್ಕ ಗೂಬೆಯನ್ನು ಹೊರಗೆ ಹಾಕಿದ ಕೈಗೆ ದೋಷ ಅಂಟುವುದಿಲ್ಲವೇ ಸ್ವಾಮಿ ಎಂದು ಕೇಳಿದಳು. ಪೂಜಾರಿ ಸ್ವಲ್ಪ ಯೋಚಿಸಿ, ಅಂಟುತ್ತದೆ ಎಂದ. ಮರಿ ಉಳಿಯಿತು. ಅಟ್ಟದಿಂದ ಇಳಿಸಿ ಹಿತ್ತಿಲ ಖಾಲಿ ಕೊಟ್ಟಿಗೆಗೆ ಬಿಟ್ಟವನು ನಾನು. ನನ್ನ ಕೈಗೆ ದೋಷ ಅಂಟಿದರೆ ದೋಷಕ್ಕೇ ನಷ್ಟ ಎಂದಳು ದೊಡ್ಡಮ್ಮ. ಬಾಗಿಲಿಗೆ ಬೀಗ ಬಿತ್ತು, ಕೀ ಅವಳ ಸೊಂಟಕ್ಕೆ ಹೋಯಿತು.

ಆ ಸಂಜೆ ಗುಡ್ಡದ ಮೇಲೆ ಗಂಡು ಹೆಣ್ಣು ಎರಡೂ ಕೂಗುತ್ತಿದ್ದವು. ಕೊಟ್ಟಿಗೆಯ ಮರಿ ಹೆದರಿ ಬಾಯಿ ಬಿಗಿದು ಕೂತಿತ್ತು. ಹೀಗೇ ಬಿಟ್ಟರೆ ಹಸಿದು ಸಾಯುತ್ತದೆ, ಸತ್ತರೆ ಗೂಬೆ ಇಲ್ಲ, ಗೂಬೆ ಇಲ್ಲದಿದ್ದರೆ ಗೋಡೆ ಒಡೆಯಲು ಯಾರಿಗೂ ಭಯವಿಲ್ಲ. ದೊಡ್ಡಮ್ಮ ನನ್ನ ಬೆನ್ನಿಗೆ ತಿವಿದಳು: "ಊರೋರ್ನೆಲ್ಲ ಆಡ್ಕಂತೀಯಲ್ಲ, ಅದರ ಹಸುವು ಒಂದಷ್ಟು ಕೂಗ್ಲಾ." ನಾನು ಗೋಡೆಯ ಮರೆಯಲ್ಲಿ ಕೂತು, ಹಲ್ಲಿನ ಸಂದಿನಿಂದ ಗಾಳಿ ಕೆರೆದಂತೆ, ಮರಿಯ ಹಸಿವಿನ ದನಿ ತೆಗೆದೆ. ಸುಮಾರು ಹೊತ್ತಿನ ಮೇಲೆ ಏನೋ ಬಂದು ಗೋಡೆಯ ಮೇಲೆ ಕೂತಿತು. ಬಂದದ್ದು ಕಾಣಿಸಿತೇ ಹೊರತು ಕೇಳಿಸಲಿಲ್ಲ. ಆ ರೆಕ್ಕೆಗಳಿಗೆ ಸದ್ದೇ ಇಲ್ಲ. ಕಾಲಿನಲ್ಲಿ ಹೆಗ್ಗಣವಿತ್ತು, ತಲೆಯಿಲ್ಲದ ಹೆಗ್ಗಣ. ತಲೆ ತಾನು ತಿಂದು ಮುಂಡ ಮಗುವಿಗೆ ತಂದಿತ್ತು. ಮಾರನೆಯ ದಿನದಿಂದ ಮರಿಯೇ ಕೂಗತೊಡಗಿತು, ನನ್ನ ಕೆಲಸ ಮುಗಿಯಿತು.

ಮದುವೆ ಸೀಸನ್ನಿನಲ್ಲಿ ಆ ಕಡೆ ಹೋದಾಗಲೆಲ್ಲ ಆರ್‌ಸಿಸಿ ಮನೆಗೆ ಹೋಗುತ್ತಿದ್ದೆ, ಅಂಥ ನಾಟಕ ಪುಕ್ಕಟೆ ಎಲ್ಲಿ ಸಿಗುತ್ತದೆ. ದೊಡ್ಡಮ್ಮನಿಗೆ ಮೋಟಾರಿನ ಸ್ಟಾರ್ಟರು, ಗೊಬ್ಬರದ ಚೀಲ ಇಟ್ಟ ಕೋಣೆಯಲ್ಲಿ ಜಾಗ ಕೊಟ್ಟಿದ್ದರು. ತಟ್ಟೆ ಬೇರೆ, ಲೋಟ ಬೇರೆ. ಊಟ ಎಲ್ಲರದೂ ಮುಗಿದ ಮೇಲೆ, ಸಾರಿನ ನೀರು. ವಾರಗಿತ್ತಿ ಬಡಿಸುವಾಗ ಮುಖ ತಿರುಗಿಸಿಕೊಳ್ಳುತ್ತಿದ್ದಳು. ದೊಡ್ಡಮ್ಮ ಸುಮ್ಮನೆ ಉಂಡು, ಜಗಲಿಗೆ ಬಂದು ಕೂತು, ಹಾದಿಯಲ್ಲಿ ಹೋಗುವವರನ್ನು ಕರೆದು, ಇವತ್ತು ನಮ್ಮ ಮೈದುನನ ಮನೆಯಲ್ಲಿ ಸಾರು ಎಷ್ಟು ತಿಳಿಯಾಗಿತ್ತೆಂದರೆ ತಟ್ಟೆಯ ತಳದಲ್ಲಿ ಅವನಪ್ಪನ ಹೆಸರು ಓದಿದೆ ಎನ್ನುತ್ತಿದ್ದಳು. ನಾನು ಒಬ್ಬರ ದನಿಯನ್ನು ಇನ್ನೊಬ್ಬರಿಗೆ ಮಾಡಿ ತೋರಿಸಿ ಎರಡು ಕಡೆಯೂ ಕಾಫಿ ಕುಡಿಯುತ್ತಿದ್ದೆ.

ಎರಡನೆಯ ತಿಂಗಳಲ್ಲಿ ಚಿಕ್ಕಪ್ಪ ಗೋಡೆ ಒಡೆಯಲು ಆಳು ಕರೆದ. ಯಾರೂ ಬರಲೊಲ್ಲರು. ಹಿತ್ತಿಲ ಗೋಡೆಯ ತುಂಬ ಗೂಬೆಯ ಹಿಕ್ಕೆ ಸುಣ್ಣದಂತೆ ಇಳಿದಿತ್ತು, ಕೆಳಗೆ ಮೂಳೆ ಬಿದ್ದಿದ್ದವು. ಕೂಲಿ ಜಾಸ್ತಿ ಮಾಡಿದ, ಬ್ರಾಂದಿ ಕೊಡಿಸುತ್ತೇನೆ ಎಂದ. ಕೊನೆಗೆ ಡೇರಿಯ ಮುಂದೆ, ಅದೇ ಜಾಗದಲ್ಲಿ, ನನ್ನ ಕಣ್ಣೆದುರೇ ಬಾಯಿ ಬಿಟ್ಟ: "ದೋಷ ಗೀಷ ಏನೂ ಇಲ್ಲ ಬನ್ರೋ. ಅದೇನು ತಾನಾಗೇ ಬಂದದ್ದಲ್ಲ, ನಾನೇ ತಂದಿಕ್ಕಿದ್ದು."

ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲೊಬ್ಬ ಬೀಡಿ ಆರಿಸಿ, ಏನೂ ಅರಿಯದವನ ಹಾಗೆ ಹೇಳಿದ: "ಎವರು ತೆಚ್ಚಿತೇ ಏಮನ್ನಾ, ವಚ್ಚಿಂದಿ ಗದಾ."

ಆವತ್ತು ಡೇರಿಯಲ್ಲಿ ನಕ್ಕು ಹಾಲು ಚೆಲ್ಲಿದವರು ಎಷ್ಟೋ ಜನ. ನಾನೇನೂ ಮಾಡಿ ತೋರಿಸಬೇಕಾಗಲಿಲ್ಲ.

ನಗೆಪಾಟಲಾದ ಗಂಡಸು ಮನೆಗೆ ಹೋಗಿ ಮಲಗಬೇಕು. ಚಿಕ್ಕಪ್ಪ ಹಾರೆ ತೆಗೆದುಕೊಂಡು ಹಿತ್ತಿಲ ಗೋಡೆ ಹಾರಿದ, ಅದೂ ಹೊತ್ತು ಮುಳುಗುವಾಗ. ಮರಿ ಕೊಟ್ಟಿಗೆಯ ಗೂಟದ ಮೇಲೆ ಕೂತು ಕೂಗುತ್ತಿತ್ತು. ಅವನು ಹಾರೆಯಿಂದ ಅದನ್ನು ಬದಿಗೆ ತಳ್ಳಿದ್ದಾನೆ, ಅಷ್ಟೇ. ನಾವು ಜಗಲಿಯಲ್ಲಿ ಕೇಳಿದ್ದು ಹಾರೆ ಕಲ್ಲಿನ ಮೇಲೆ ಬಿದ್ದ ಸದ್ದು. ಆಮೇಲೆ ಚಿಕ್ಕಪ್ಪನ ದನಿ. ಎಷ್ಟೋ ದನಿ ಕೇಳಿದ್ದೇನೆ, ಆ ದನಿಯಲ್ಲಿ ಮನುಷ್ಯನೇ ಇರಲಿಲ್ಲ. ಹೆಣ್ಣುಗೂಬೆ ಹಿಂದಿನಿಂದ ಬಂದು ನೆತ್ತಿಗೆ ಒಂದು ಕಾಲು, ಮುಖಕ್ಕೆ ಒಂದು ಕಾಲು ಹಾಕಿತ್ತು.

ಅನಂತಪುರದ ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ಡಾಕ್ಟರು ಕೇಳಿದ್ದಕ್ಕೆ ಚಿಕ್ಕಪ್ಪ ಮುಳ್ಳುತಂತಿ ಎಂದ. ಗೂಬೆ ಎಂದರೆ ಮರಿ ಎಲ್ಲಿಂದ ಬಂತು ಎಂದು ಫಾರೆಸ್ಟಿನವರು ಕೇಳುತ್ತಾರೆ. ಎಂಥ ತಂತಿಯಪ್ಪಾ ರೆಪ್ಪೆಯೊಳಗೆ ಹೋಗುವುದು ಎನ್ನುತ್ತ ಡಾಕ್ಟರು ಬರೆದುಕೊಂಡರು. ಹೊಲಿಗೆ ಹಾಕಿದರು. ಒಂದು ಕಣ್ಣು ಉಳಿಯುವುದು ಕಷ್ಟ ಎಂದರು.

ಗೂಬೆ ಮುಟ್ಟಿದ ಗಾಯವನ್ನು ಹೆಂಡತಿ ಮುಟ್ಟಲಿಲ್ಲ. ಆಕೆಯ ತವರಿನವರು ಬಂದು, ಮುಟ್ಟಬೇಡ, ನಿನಗೆ ಮಕ್ಕಳಿದ್ದಾರೆ ಎಂದು ಹೇಳಿ ಹೋದರು. ಅವನ ಹಾಸಿಗೆಯನ್ನು ಗೊಬ್ಬರದ ಕೋಣೆಗೇ ಹಾಕಿದರು, ದೊಡ್ಡಮ್ಮನ ಚಾಪೆಯ ಪಕ್ಕಕ್ಕೆ. ತಟ್ಟೆ ಬೇರೆ, ಲೋಟ ಬೇರೆ. ಡ್ರಾಪ್ಸ್ ಹಾಕುವವಳು ದೊಡ್ಡಮ್ಮ. ಒಂದು ಮಧ್ಯಾಹ್ನ ರೆಪ್ಪೆ ಬಿಡಿಸಿ ಹಾಕುತ್ತಿದ್ದಾಗ ಅವನು ಸಣ್ಣ ದನಿಯಲ್ಲಿ ಕೇಳಿದ, ಎಣ್ಣೆಯೆಲ್ಲ ಹೋದ ದನಿ.

"ಅತ್ತಿಗೆ, ಕಣ್ಣು ಬತ್ತದಾ?"

"ಬಂದು ಏನು ನೋಡ್ಬೇಕಪ್ಪ? ಆ ದಾರಿ ತಾನೇ? ಅದಕ್ಕೆ ಒಂದೇ ಸಾಕು" ಎಂದು ಇನ್ನೊಂದು ಹನಿ ಹಾಕಿದಳು. ಒಂದು ಹನಿಯೂ ಕೆನ್ನೆಗೆ ಬೀಳಲಿಲ್ಲ.

ಕಣ್ಣು ಬರಲಿಲ್ಲ.

ಮೂರು ತಿಂಗಳು ಕಳೆಯುವ ಹೊತ್ತಿಗೆ ಮರಿ ಗೋಡೆಯಿಂದ ಕಲ್ಲಿಗೆ, ಕಲ್ಲಿನಿಂದ ಗುಡ್ಡಕ್ಕೆ ಹಾರಿಹೋಗಿತ್ತು. ಪೂಜಾರಿ ಶಾಂತಿ ಮಾಡಿ ತೆಂಗಿನಕಾಯಿ ತೆಗೆದುಕೊಂಡು ಹೋದ. ಬೀಗ ತೆಗೆಯಲು ನಾನೂ ಹೋಗಿದ್ದೆ. ಹಿತ್ತಿಲಲ್ಲಿ ಸತ್ತ ಇಲಿಯ ನಾತ, ಕಸಬರಿಗೆ ತುಂಬ ಮೂಳೆ. ಎಲ್ಲ ಗುಡಿಸಿದ ಮೇಲೆ ಗೋಡೆಗೆ ಸುಣ್ಣ ಹೊಡೆಯಲೇ ಎಂದು ಕೇಳಿದೆ. ಬೇಡ ಎಂದಳು. ಆ ಹಿಕ್ಕೆಯ ಗೆರೆಗಳು ಅಲ್ಲೇ ಇರಲಿ, ಆಳುಗಳಿಗೆ ಕಾಣುತ್ತಿರಲಿ.

ಸಂಜೆಯ ಬಸ್ಸಿಗೆ ಹೊರಟಾಗ ಚಿಕ್ಕಪ್ಪ ಅವನ ಜಗಲಿಯಲ್ಲಿ, ಆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಬ್ಬನೇ ಕೂತಿದ್ದ. ಬೆಳಕು ಇಳಿಯುತ್ತಿತ್ತು. ದೊಡ್ಡಮ್ಮ ಬಾಗಿಲಲ್ಲಿ ನಿಂತು, "ಹೋಗೋಕ್ಮುಂಚೆ ಒಂದ್ಸಲ ಕೂಗು ಕಣ್ಲಾ" ಎಂದಳು.

ಗಂಡುಗೂಬೆಯ ಎರಡು ಕೂಗು ಕೂಗಿದೆ. ಚಿಕ್ಕಪ್ಪ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಎದ್ದ, ಕಂಬಕ್ಕೆ ತಾಗಿದ, ತಡವರಿಸಿ ಒಳಗೆ ಹೋದ. ಒಳಗಿನಿಂದ ಅಗುಳಿ ಬಿದ್ದ ಸದ್ದು ಕೇಳಿಸಿತು. ನಾನು ನಗಬಹುದೇ ಎಂದು ಅವಳ ಮುಖ ನೋಡಿದೆ.

ಅವಳು ನಗಲಿಲ್ಲ. "ಎರಡ್ನೇದು ಗಿಡ್ಡ ಆಯ್ತು" ಎಂದಳು. "ಇನ್ನೊಂದ್ಸಲ ಕೂಗು."