ಗಂಧೆ ಎಂದು ಕಂಬಳಿ ಹೊದಿಸಿದ್ದು

ಶಕುನ, ದೆವ್ವ, ಮೈಮೇಲೆ ಬರುವುದು ಎಲ್ಲವನ್ನೂ ಗೇಲಿ ಮಾಡಿಕೊಂಡೇ ನಾನು ನಲವತ್ತು ದಾಟಿದವನು. ಈಗಲೂ ಪೂರ್ತಿ ನಂಬುತ್ತೇನೆಂದು ಹೇಳಲಾರೆ. ಗೇಲಿ ಮಾಡುವ ಬಾಯಿ ಮಾತ್ರ ಕಟ್ಟಿಹೋಗಿದೆ.

ತೊಂಬತ್ತರ ದಶಕದ ಕೊನೆಯಲ್ಲಿ ಜಾವಳಿ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಆಳುಗಳ ಹಾಜರಿ, ಗೋದಾಮಿನ ಬೀಗ, ಜೀಪಿನ ಕೀಲಿ ಎಲ್ಲ ನನ್ನ ಕೈಯಲ್ಲೇ. ಒಂದು ಬೆಳಿಗ್ಗೆ ಕಾಫಿ ಹಣ್ಣು ಕುಯ್ಯುವಾಗ ಗಿರಿಜ ಎಂಬ ಹೆಂಗಸಿನ ಕುತ್ತಿಗೆಗೆ ಕಡಜ ಹೊಡೆಯಿತು. ಮೇಸ್ತ್ರಿ ಸುಣ್ಣ ಹಚ್ಚಿ, ಅವಳನ್ನು ನಡೆಸಿಕೊಂಡೇ ಆಫೀಸಿನ ಜಗಲಿಗೆ ಕರೆತಂದ. ಅಷ್ಟರಲ್ಲಿ ಮೈತುಂಬ ಕೆಂಪು ದದ್ದು ಎದ್ದಿತ್ತು.

"ಪಿತ್ತದ ಗಂಧೆ," ಎಂದೆ, ನೋಡಿದವನೇ. ನಮ್ಮ ಕಡೆ ಮೈಮೇಲೆ ಹಾಗೆ ದದ್ದೆದ್ದರೆ ಇರುವುದು ಅದೊಂದೇ ಹೆಸರು. ಮದ್ದೂ ಒಂದೇ, ಕರಿ ಕಂಬಳಿಯಿಂದ ಮೈ ಉಜ್ಜಿ ಅದನ್ನೇ ಹೊದಿಸಿ ಕೂರಿಸುವುದು. ಹಿಂದಿನ ವರ್ಷ ಕಡಜ ಹೊಡೆದಾಗಲೂ ಅವಳಿಗೆ ಹೀಗೇ ಆಗಿ, ಕಂಬಳಿಯಲ್ಲೇ ಇಳಿದಿತ್ತು. ಹಾಗಾಗಿ ನನಗೆ ಅನುಮಾನವೇ ಬರಲಿಲ್ಲ. ಗೋದಾಮಿನಿಂದ ಕಂಬಳಿ ತರಿಸಿದೆ.

ಗಿರಿಜ ಅದನ್ನು ದೂಡಿದಳು. "ರೈಟ್ರೇ, ಇದು ಹೋದ ಸಲದ್ದಲ್ಲ. ಗಂಟಲು ಕಟ್ತಾ ಇದೆ. ನಾ ಉಳಿಯಲ್ಲ, ಸವಿತನ್ನ ಕರೆಸಿ," ಎಂದಳು. ಸವಿತ ಅವಳ ಮಗಳು, ಎರಡು ಮೈಲಿ ಕೆಳಗಿನ ಶಾಲೆಯಲ್ಲಿ ಆರನೇ ಕ್ಲಾಸು.

"ಗಂಧೆಗೆಲ್ಲ ಯಾರು ಸಾಯ್ತಾರೆ ಮಾರಾಯ್ತಿ? ಸುಮ್ನೆ ಕೂತ್ಕೋ," ಎಂದು ನಕ್ಕೆ. ಮೇಸ್ತ್ರಿಯೂ ನಕ್ಕ. ಅವಳು ಮತ್ತೆ ಮಗಳ ಹೆಸರು ಹೇಳಿದಳು. ದನಿ ಗೊಗ್ಗರಾಗಿತ್ತು. ಹೆದರಿಕೆಗೆ ಹಾಗಾಗಿದೆ ಅಂದುಕೊಂಡೆ.

ಸ್ವಲ್ಪ ಹೊತ್ತಿಗೆ ಅಂಗಳಕ್ಕೆ ಸವಿತ ಓಡಿ ಬಂದಳು. ಹೆಗಲಲ್ಲಿ ಚೀಲ ಇಲ್ಲ, ಕೈಯಲ್ಲಿ ಪೆನ್ಸಿಲ್ಲು. ನಾವು ಯಾರನ್ನೂ ಕಳಿಸಿರಲಿಲ್ಲ. ಶಾಲೆ ತಪ್ಪಿಸಿ ಬಂದಿದ್ದಾಳೆಂದು ಗದರಿದೆ.

"ಅವ್ವ ಶಾಲೆ ಗೇಟಲ್ಲಿ ನಿಂತು ಕರೀತು. ಹೊರಗೆ ಬಂದ್ರೆ ಕಾಣ್ಲಿಲ್ಲ," ಎಂದವಳು ತಾಯಿಯ ಮುಖ ನೋಡಿ ಅಳತೊಡಗಿದಳು. "ತುಟಿ ಹೆಂಗೆ ಊದಿದೆ ನೋಡಿ. ಉಸಿರು ಎಳೀತಾ ಇದೆ. ಆಸ್ಪತ್ರೆಗೆ ಕರ್ಕಂಡೋಗಿ ರೈಟ್ರೇ."

ಆಗ ನಾನು ಜೀಪಿನ ಕೀಲಿ ತೆಗೆದುಕೊಂಡೆ. ಮೊದಲೇ ತೆಗೆದುಕೊಳ್ಳಬಹುದಿತ್ತು, ಜೇಬಿನಲ್ಲೇ ಇತ್ತು. ಮೂಡಿಗೆರೆ ಆಸ್ಪತ್ರೆಯ ದಾರಿಯಲ್ಲಿ, ಬಣಕಲ್ ತಲುಪುವ ಮೊದಲೇ ಮಗಳ ತೊಡೆಯ ಮೇಲೆ ಗಿರಿಜಳ ಉಸಿರು ನಿಂತಿತು.

ಮೂಡಿಗೆರೆಯಲ್ಲಿ ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. "ಇದು ಬರೀ ಗಂಧೆ ಅಲ್ಲ, ಜೋರು ಅಲರ್ಜಿ. ದದ್ದಿನ ಜೊತೆ ಗಂಟಲು ಕಟ್ಟಿದ್ರೆ, ದನಿ ಬದಲಾದ್ರೆ, ಉಸಿರಿಗೆ ಕಷ್ಟ ಆದ್ರೆ ಒಂದು ನಿಮಿಷನೂ ಕಾಯಬಾರ್ದು. ನಡೆಸಲೂಬಾರ್ದು. ಅಡ್ರಿನಲಿನ್ ಅಂತ ಇಂಜೆಕ್ಷನ್ ಇದೆ, ಬೇಗ ಕೊಟ್ಟಿದ್ರೆ ಉಳೀಬಹುದಿತ್ತು," ಎಂದರು. ಸಾಯುತ್ತೇನೆ ಎಂದು ರೋಗಿಗೆ ಅನ್ನಿಸುವುದೂ ಅದರದೇ ಒಂದು ಲಕ್ಷಣವಂತೆ. ಹಿಂದಿನ ವರ್ಷದ್ದು ಎಚ್ಚರಿಕೆಯಾಗಿತ್ತು. ನಾನು ಅದರಿಂದಲೇ ಧೈರ್ಯ ತಂದುಕೊಂಡಿದ್ದೆ.

ಹೀಗೆ ಎಲ್ಲಕ್ಕೂ ಕಾರಣ ಸಿಕ್ಕಿತು, ಸವಿತ ಬಂದದ್ದೊಂದನ್ನು ಬಿಟ್ಟು. ಶಾಲೆಯ ಮೇಷ್ಟ್ರನ್ನು ಹೋಗಿ ಕೇಳಿದೆ. ಗೇಟಿನಲ್ಲಿ ಯಾರೂ ಇರಲಿಲ್ಲವಂತೆ. ಬರೆಯುತ್ತಾ ಕೂತಿದ್ದ ಹುಡುಗಿ "ಬಂದೆ ಅವ್ವ" ಎನ್ನುತ್ತಾ ಎದ್ದು ಓಡಿದಳಂತೆ. ಆ ಏರು ದಾರಿಗೆ, ಎಷ್ಟೇ ಓಡಿದರೂ, ಅರ್ಧ ಗಂಟೆ ಬೇಕು. ಅವಳು ಅಂಗಳಕ್ಕೆ ಬಂದಾಗ ಕಡಜ ಹೊಡೆದು ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ಅಂದರೆ ಅವಳು ಹೊರಟಾಗ ತಾಯಿ ನೆಟ್ಟಗೆ ನಿಂತು ಹಣ್ಣು ಕುಯ್ಯುತ್ತಿದ್ದಳು.

ಮಕ್ಕಳಿಗೆ ಏನೇನೋ ಕೇಳಿಸುತ್ತದೆ ಎಂದು ಸಮಾಧಾನ ಮಾಡಿಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ, ಆಗಿಲ್ಲ. ಆ ಮಗುವಿಗೆ ಎರಡು ಮೈಲಿ ಆಚೆ ಕೇಳಿಸಿತು. ಮಾರು ದೂರದಲ್ಲಿ ನಿಂತಿದ್ದ ನಾನು, ಕಿವಿಯಾರೆ ಕೇಳಿ, ನಕ್ಕಿದ್ದೆ.